ಮೂರು ದಿನದ ಪಥ್ಯ

ನನ್ನ ಹೆಂಡತಿಗೆ ಹದಿನಾಲ್ಕು ವರ್ಷಗಳಲ್ಲಿ ಬಾರದ ಕಾಯಿಲೆಯಿಲ್ಲ. ಸಕ್ಕರೆ ಕಾಯಿಲೆ ಬಂದಿದೆ, ಹೊಟ್ಟೆಹುಣ್ಣು ಬಂದಿದೆ, ಪಿತ್ತಕೋಶದ ಕಲ್ಲು ಎರಡು ಸಲ ಬಂದಿದೆ. ಹೋದ ವರ್ಷ ದವಡೆ ಮುರಿದವರ ಹಾಗೆ ಎಲ್ಲವನ್ನೂ ಮಿಕ್ಸಿಗೆ ಹಾಕಿ ಕುಡಿದಳು. ಪ್ರತಿಯೊಂದೂ ಸರಿಯಾಗಿ ಮೂರು ದಿನಕ್ಕೆ ವಾಸಿಯಾಗುತ್ತದೆ. ಅವಳು ಗುಂಡುಕಲ್ಲಿನ ಹಾಗಿದ್ದಾಳೆ, ಸೊರಗಿರುವುದು ನಾನು.

ಅವಳು ದೊಡ್ಡ ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್. ಯಾವ ರೋಗಿ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಬರೆದುಕೊಡುವುದು ಅವಳ ಕೆಲಸ. ನಾನು ತೂಕದ ಯಂತ್ರ ರಿಪೇರಿ ಮಾಡುವವನು. ಅವಳು ಕಾಲೇಜಿನಲ್ಲಿ ಓದುತ್ತಿದ್ದಾಗ ಅಲ್ಲಿನ ಪ್ರಯೋಗಾಲಯದ ತಕ್ಕಡಿ ನಾಲ್ಕು ಗ್ರಾಂ ಹೆಚ್ಚು ತೋರಿಸುತ್ತದೆಂದು ನನ್ನನ್ನು ಕರೆಸಿದ್ದರು. ಸರಿಮಾಡಿ ಹೊರಟವನಿಗೆ ಒಬ್ಬ ಹುಡುಗಿ ಅಡ್ಡ ಬಂದು, "ಇನ್ನೊಂದ್ಸಲ ತೂಗಿ ತೋರಿಸಿ" ಎಂದಳು. ತೂಗಿದೆ. ಮತ್ತೆ ತೂಗಿ ಎಂದಳು. ಆರು ಸಲ ತೂಗಿಸಿದಳು. ಇವಳ ಸಹವಾಸ ಕಷ್ಟವೆಂದು ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ಮದುವೆಯಾದೆ, ಈಗ ಯಾರನ್ನು ದೂರಲಿ.

ನೆಂಟರ ಪ್ರಕಾರ ಅದು ಅಡುಗೆ ಕಾಲೇಜು. "ಅನ್ನ ಬೇಯಿಸೋಕೆ ನಾಲ್ಕು ವರ್ಷ ಬೇಕಾ?" ಎಂದು ಅವಳ ದೊಡ್ಡಮ್ಮ ಮೂಗು ಮುರಿದಿದ್ದರಂತೆ. ಅಲ್ಲಿ ಓದಿದ್ದು ರಕ್ತ, ಕರುಳು, ರಸಾಯನಶಾಸ್ತ್ರ. ಮುಗಿದ ಮೇಲೆ ಜೊತೆಗಾತಿಯರು ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ಒಬ್ಬಳು ಆಟಗಾರರ ತಂಡದ ಜೊತೆ ಊರೂರು ತಿರುಗುತ್ತಾಳೆ. ಒಬ್ಬಳು ಬಿಸ್ಕತ್ತಿನ ಪೊಟ್ಟಣದ ಹಿಂದೆ ಯಾರೂ ಓದದ ಸಣ್ಣಕ್ಷರಗಳನ್ನು ಬರೆಯುತ್ತಾಳೆ. ಇನ್ನೊಬ್ಬಳು ಶಾಲೆ ಮಕ್ಕಳ ಊಟ ನೋಡಿಕೊಳ್ಳುತ್ತಾಳೆ. ನನ್ನವಳು ಮೊದಲು ಒಂದು ಜಿಮ್ಮಿಗೆ ಸೇರಿದಳು. ಬಂದವರಿಗೆಲ್ಲ ಪ್ರೋಟೀನ್ ಪುಡಿಯ ಡಬ್ಬಿ ಮಾರಬೇಕಿತ್ತು. "ಇದು ನಿಮಗೆ ಬೇಡ, ಮೊಟ್ಟೆ ತಿನ್ನಿ" ಎಂದು ಹನ್ನೊಂದು ಜನಕ್ಕೆ ಹೇಳಿದ ಮೇಲೆ ಜಿಮ್ಮಿನವರು ಕೈಮುಗಿದು ಕಳಿಸಿಕೊಟ್ಟರು. ಆಮೇಲೆ ಈ ಆಸ್ಪತ್ರೆ.

ಕಾಲೇಜಿನಲ್ಲಿ ಅವಳಿಗೊಬ್ಬ ವಯಸ್ಸಾದ ಮೇಷ್ಟ್ರಿದ್ದರು. "ನೀವು ಮೂರು ದಿನ ತಿನ್ನದ ಪಥ್ಯವನ್ನ ಯಾರಿಗೂ ಬರೆದುಕೊಡಬೇಡಿ" ಎಂದು ಅವರು ಹೇಳುತ್ತಿದ್ದರಂತೆ. ತರಗತಿಯವರೆಲ್ಲ ಪರೀಕ್ಷೆ ಮುಗಿದ ದಿನವೇ ಅದನ್ನು ಮರೆತರು. ಇವಳು ಮರೆಯಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಇಷ್ಟು ಕಾಯಿಲೆ. ಒಂದು ಒಲೆ, ಒಬ್ಬಳೇ ಅಡುಗೆ ಮಾಡುವವಳು, ಅವಳಿಗೆ ಬಂದದ್ದು ನನಗೂ ಬಂತು ಎಂದೇ ಲೆಕ್ಕ. ನಾಳೆಯಿಂದ ನನ್ನ ಅಡುಗೆ ನಾನೇ ಮಾಡಿಕೊಳ್ಳುತ್ತೇನೆ ಎಂದು ಎಷ್ಟೋ ಸಲ ಹೇಳಿದ್ದೇನೆ. ನನ್ನ ಅಡುಗೆ ತಿಂದು ನೋಡಿದ್ದರಿಂದ ಸುಮ್ಮನಾಗಿದ್ದೇನೆ.

ಅವಳು ಮೂರು ದಿನ ಮುಗಿಸಿ ಹೋಗಿ ರೋಗಿಗಳಿಗೆ ಹೇಳುತ್ತಿದ್ದ ಮಾತು ಯಾವಾಗಲೂ ಒಂದೇ. "ನಾನೇ ತಿಂದು ನೋಡಿದ್ದೀನಿ, ಅಂಥ ಕಷ್ಟ ಏನಿಲ್ಲ." ಇದರಿಂದ ಅವರಿಗೆ ಧೈರ್ಯ ಬರುತ್ತದೆ ಎಂದು ಅವಳು ನಂಬಿದ್ದಳು. ನಾನೂ ನಂಬಿದ್ದೆ.

ಹೋದ ಬೇಸಿಗೆಯಲ್ಲಿ ಕ್ಷೌರಿಕನೊಬ್ಬನ ವಿಷಯ ಅವಳ ತಲೆ ತಿನ್ನತೊಡಗಿತು. ಐವತ್ತು ದಾಟಿದ ಮನುಷ್ಯ, ಸ್ವಂತ ಅಂಗಡಿ, ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ, ಡಯಾಲಿಸಿಸ್. ಅಂಥವರಿಗೆ ಮೂತ್ರವಾಗುವುದಿಲ್ಲ, ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ. ಅದಕ್ಕೇ ದಿನಕ್ಕೆ ಮುಕ್ಕಾಲು ಲೀಟರು ಎಂಬ ಕಟ್ಟಳೆ, ಚಹಾ, ಹಾಲು ಎಲ್ಲ ಸೇರಿ. ಅದನ್ನು ಪಾಲಿಸಿದರೆ ಎರಡು ಡಯಾಲಿಸಿಸ್‌ಗಳ ನಡುವೆ ತೂಕ ಎರಡು ಕಿಲೋ ಏರಬಹುದು. ಈತನದು ಐದು ಏರುತ್ತಿತ್ತು. ಎರಡು ಸಲ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಸಿಕ್ಕಿಹಾಕಿಕೊಂಡು ತುರ್ತು ವಾರ್ಡಿಗೆ ತಂದು ಹಾಕಿದ್ದರು. ಮೂರನೇ ಸಲ ಹೀಗಾದರೆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಕೇಳಿದರೆ, "ಒಂದು ಹನಿ ಜಾಸ್ತಿ ಕುಡಿದಿಲ್ಲ ಮೇಡಂ. ನಿಮ್ಮ ತೂಕದ ಮಷೀನೇ ಸರಿಯಿಲ್ಲ" ಎನ್ನುತ್ತಿದ್ದ.

ಹಾಗಾಗಿ ನನ್ನನ್ನು ಕರೆಸಿದರು. ಆ ಯಂತ್ರ ನಾನೇ ವರ್ಷಕ್ಕೆ ಎರಡು ಸಲ ನೋಡುವಂಥದ್ದು. ನನಗೆ ಮೈಯೆಲ್ಲ ಉರಿಯಿತು. ತೂಕದ ಕಲ್ಲುಗಳನ್ನು ಹೊತ್ತುಕೊಂಡು ಹೋಗಿ ಆತನ ಎದುರಿಗೇ ಇಟ್ಟು ತೂಗಿದೆ. ಐದು ಗ್ರಾಂ ಕೂಡ ಆಚೀಚೆ ಇಲ್ಲ. ಆತ ಕಲ್ಲುಗಳನ್ನು ನೋಡಿ, "ಕಲ್ಲು ಸರಿಯಿದೆಯಾ ಸಾರ್?" ಎಂದ. ಕಾಯಿಲೆಯ ಮನುಷ್ಯ ಎಂದು ಸುಮ್ಮನೆ ಬಂದೆ.

ಯಂತ್ರ ಸರಿಯಿದೆ ಎಂದಾದ ಮೇಲೆ ಉಳಿದವಳು ಆತನ ಹೆಂಡತಿ. ಉಪ್ಪು ತಿಂದರೆ ಬಾಯಾರಿಕೆ ಹೆಚ್ಚು. ಅಡುಗೆ ಮಾಡುವವಳು ಅವಳು, ಹಾಗಾಗಿ ತಪ್ಪು ಅವಳದು. ಡಾಕ್ಟರು ಗದರಿದರು. ಆತನ ತಾಯಿ ಅಕ್ಕಪಕ್ಕದ ರೋಗಿಗಳಿಗೆಲ್ಲ, "ಇವಳ ಕೈ ಉಪ್ಪಿನ ಕೈ. ನನ್ನ ಮಗನ್ನ ಇವಳೇ ತಿಂತಾಳೆ" ಎಂದು ಹೇಳಿಕೊಂಡು ಬಂದರು. ನನ್ನ ಹೆಂಡತಿಯೂ ಬಿಡಲಿಲ್ಲ. ಆತನ ಫೈಲಿನಲ್ಲಿ, ಮನೆಯಲ್ಲಿ ಉಪ್ಪು ಕಡಿಮೆ ಮಾಡಿಲ್ಲ, ಹೆಂಡತಿ ಹೇಳಿದ್ದು ಕೇಳುತ್ತಿಲ್ಲ ಎಂದು ಬರೆದು ಸಹಿ ಹಾಕಿದಳು. ಆ ಹೆಂಗಸು ಆರು ತಿಂಗಳಿಂದ ಒಂದೇ ಮಾತು ಹೇಳುತ್ತಿದ್ದಳು. "ಉಪ್ಪಿನ ಡಬ್ಬಿ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದೀನಿ. ಮಕ್ಕಳೂ ಸಪ್ಪೆ ತಿಂತಾವೆ." ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನೀರಿನ ಕಟ್ಟಳೆಯನ್ನು ನನ್ನವಳು ಹಿಂದೊಮ್ಮೆ ಪಾಲಿಸಿ ನೋಡಿದ್ದಳು, ಚಳಿಗಾಲದಲ್ಲಿ, ರಜೆ ಹಾಕಿ, ಕಂಬಳಿ ಹೊದ್ದು. ಈಗ ಬೇಸಿಗೆಯಲ್ಲಿ ಇನ್ನೊಮ್ಮೆ ಮಾಡುತ್ತೇನೆ ಎಂದಳು. ಶುಕ್ರವಾರ ಶುರು. ಅಳತೆಯ ಜಾಡಿಯಲ್ಲಿ ಮುಕ್ಕಾಲು ಲೀಟರು ನೀರು ತುಂಬಿ ಮೇಜಿನ ಮೇಲಿಟ್ಟುಕೊಂಡಳು. ಶನಿವಾರ ಸಂಜೆಯ ಹೊತ್ತಿಗೆ ಮಾತು ನಿಂತಿತು, ಮನೆ ಒಂದು ಥರಾ ಚೆನ್ನಾಗಿತ್ತು. ಭಾನುವಾರ ಮಧ್ಯಾಹ್ನ ನಾನು ಪೇಪರ್ ಓದುತ್ತಿದ್ದೆ. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿತು. ಬಹಳ ಹೊತ್ತಾದರೂ ನಿಲ್ಲಲಿಲ್ಲ. ಬಾಗಿಲು ತಟ್ಟಿದೆ.

ಹೊರಗೆ ಬಂದಳು. ಗಲ್ಲದಿಂದ ನೀರು ಇಳಿಯುತ್ತಿತ್ತು.

"ಮುಖ ತೊಳ್ಕೊಂಡೆ" ಎಂದಳು.

"ಗಲ್ಲ ಮಾತ್ರಾನಾ?"

ಅವಳು ಕುರ್ಚಿಯ ಮೇಲೆ ಕೂತು ಅತ್ತಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಅತ್ತದ್ದನ್ನು ನಾನು ನೋಡಿದ್ದು ಕಡಿಮೆ, ನನಗೆ ಹೆದರಿಕೆಯಾಯಿತು. "ಎರಡು ಲೋಟ ಕುಡಿದೆ ರೀ" ಎಂದಳು. "ಕೈ ನನ್ನ ಮಾತೇ ಕೇಳಲಿಲ್ಲ."

"ಯಾರಿಗೂ ಹೇಳ್ಬೇಡ. ಇಷ್ಟು ವರ್ಷದ ಮರ್ಯಾದೆ ಒಂದೇ ದಿನದಲ್ಲಿ ಹೋಗುತ್ತೆ" ಎಂದೆ. ಸುಳ್ಳು ಹೇಳು ಎನ್ನಲಿಲ್ಲ, ಹೇಳಬೇಡ ಎಂದೆ ಅಷ್ಟೇ. ಅವಳು ಮೂಗು ಒರೆಸಿಕೊಂಡು, "ನೀವು ಸುಮ್ನಿರಿ" ಎಂದಳು.

ಬುಧವಾರ ಅವಳನ್ನು ಕರೆದುಕೊಂಡು ಬರಲು ಆಸ್ಪತ್ರೆಗೆ ಹೋಗಿದ್ದೆ. ಅವಳ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಇರುವುದು ಒಂದು ತೆಳು ಹಲಗೆ. ಬೇರೆಯವರ ಕಾಯಿಲೆ ಕೇಳಬಾರದೆಂದು ಅತ್ತ ತಿರುಗಿ ಕೂತರೂ ಎಲ್ಲ ಕೇಳುತ್ತದೆ. ಒಳಗೆ ಕ್ಷೌರಿಕ ಮತ್ತು ಅವನ ಹೆಂಡತಿ ಇದ್ದರು.

"ನಾನು ಸೋತೆ" ಎಂದಳು ನನ್ನವಳು. "ನೀವು ಮಾಡ್ತಿರೋದನ್ನ ಮೂರು ದಿನ ಮಾಡೋಕೆ ನೋಡಿದೆ, ಆಗಲಿಲ್ಲ. ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಕದ್ದು ಕುಡಿದೆ. ಕಷ್ಟ ಇಲ್ಲ ಅಂತ ಇಷ್ಟು ದಿನ ಹೇಳಿದ್ದು ತಪ್ಪಾಯ್ತು."

ಒಳಗೆ ಕುರ್ಚಿ ಎಳೆದ ಸದ್ದಾಯಿತು.

"ಎಷ್ಟು ಕುಡಿದ್ರಿ?" ಎಂದು ಕ್ಷೌರಿಕ ಕೇಳಿದ.

"ಎರಡು ಲೋಟ."

"ನಾನು ನಾಲ್ಕು ಬಾಟ್ಲಿ" ಎಂದ.

ಅಂಗಡಿಯಲ್ಲಿ ಗಿರಾಕಿಗಳ ತಲೆಗೆ ನೀರು ಚಿಮುಕಿಸುವ ಬಾಟ್ಲಿ ಇರುತ್ತದಲ್ಲ, ಅದು. ತಲೆಗೆ ಒಂದು ಸಲ, ತನ್ನ ಬಾಯಿಗೆ ಮೂರು ಸಲ. ದಿನಕ್ಕೆ ನಾಲ್ಕು ಸಲ ತುಂಬಿಸುತ್ತಿದ್ದ. ಒಂದೊಂದೂ ಮುನ್ನೂರು ಮಿಲಿ, ಅದರಲ್ಲಿ ಮುಕ್ಕಾಲು ಪಾಲು ತಲೆಗಳಿಗೆ ಸಿಗುತ್ತಿರಲಿಲ್ಲ. ಲೋಟ ಎತ್ತಲಿಲ್ಲವಾದ್ದರಿಂದ ಕುಡಿದಂತಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದಳು ನನ್ನವಳು.

"ನೀವು ಎಲ್ಲಾನೂ ಮಾಡಿ ಗೆದ್ದು ಬಂದಿರೋರು. ನಿಮ್ಮ ಎದುರಿಗೆ ಏನಂತ ಹೇಳೋದು ಮೇಡಂ? ಇಲ್ಲಿಗೆ ಬರೋರೆಲ್ಲ ನಿಮಗೆ ಸುಳ್ಳೇ ಹೇಳೋದು."

ಹಲಗೆಯ ಈಚೆ ಬೆಂಚಿನ ಮೇಲಿದ್ದ ನಾಲ್ಕು ಜನ ಒಟ್ಟಿಗೆ ನೆಲ ನೋಡಿದರು. ಹದಿನಾಲ್ಕು ವರ್ಷ ನಾನು ಸಪ್ಪೆ ತಿಂದದ್ದು ಇದಕ್ಕಾ. ಅವಳು ಮಾತ್ರ ಐವತ್ತು ಮಿಲಿಯ ಪುಟ್ಟ ಬಾಟ್ಲಿ ತರಿಸಿ, ದಿನಕ್ಕೆ ಇದೊಂದು ಸಲ ತುಂಬಿಸಿ ಬಾಯಿಗೆ ಚಿಮುಕಿಸಿಕೊಳ್ಳಿ, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಬರೆದುಕೊಟ್ಟಳು. ಆತನ ಹೆಂಡತಿ ಆ ಪುಟ್ಟ ಬಾಟ್ಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಹೋಗುವಾಗ ಅಂಗಡಿಯ ಬೀಗದ ಕೈಯನ್ನು ಅವನ ಜೇಬಿನಿಂದ ತೆಗೆದು ತಾನಿಟ್ಟುಕೊಂಡಳು.

ಶನಿವಾರ ಆತ ಯಂತ್ರದ ಮೇಲೆ ನಿಂತಾಗ ನಾನೂ ಅಲ್ಲಿದ್ದೆ. ನನ್ನ ಯಂತ್ರ, ನೋಡುವ ಹಕ್ಕಿದೆ. ಒಂದು ಕಿಲೋ ಒಂಬೈನೂರು ಗ್ರಾಂ ಏರಿತ್ತು. ಡಾಕ್ಟರು ಎರಡು ಸಲ ಇಳಿಸಿ ಹತ್ತಿಸಿದರು. ಇದೇ ರೀತಿ ಇದ್ದರೆ ಹೃದಯದ ಭಯವಿಲ್ಲ ಎಂದರು. ಕ್ಷೌರಿಕ ನನ್ನ ಕಡೆ ನೋಡಿ, "ಮಷೀನು ಸರಿಯಿದೆ ಸಾರ್" ಎಂದ. ದೊಡ್ಡ ಉಪಕಾರ.

ನಾನು ಬಂದು ನನ್ನವಳ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಆತನ ತಾಯಿ ಇದ್ದರು. ಒಳಗೆ ಸೊಸೆಯ ಧ್ವನಿ ಕೇಳಿತು, ನಿಧಾನಕ್ಕೆ, ಗಟ್ಟಿಯಾಗಿ.

"ಮೇಡಂ, ಆ ಫೈಲಲ್ಲಿ ನನ್ನ ಬಗ್ಗೆ ಏನೋ ಬರೆದಿದ್ರಲ್ಲ."

ಹಾಳೆ ತಿರುವಿದ ಸದ್ದು, ಗೆರೆ ಎಳೆದ ಸದ್ದು. ಆಮೇಲೆ ಪೆನ್ನು ಓಡಿದ ಸದ್ದು. "ಕ್ಷಮಿಸಮ್ಮ" ಎಂದಳು ನನ್ನವಳು. "ಮನೆಯ ಅಡುಗೆಯಲ್ಲಿ ತಪ್ಪಿಲ್ಲ, ಹೆಂಡತಿ ಹೇಳಿದ್ದು ನಿಜ ಅಂತ ಬರೆದಿದ್ದೀನಿ. ಸಹಿನೂ ಹಾಕಿದ್ದೀನಿ."

"ಸ್ವಲ್ಪ ಜೋರಾಗಿ ಓದ್ತೀರಾ? ನಮ್ಮತ್ತೆ ಹೊರಗೆ ಕೂತಿದ್ದಾರೆ."

ನನ್ನ ಹೆಂಡತಿ ಎದ್ದು ನಿಂತು ಓದಿದಳು. ಕಾರಿಡಾರಿನ ಕೊನೆಯಲ್ಲಿದ್ದ ನರ್ಸ್ ಕೂಡ ತಿರುಗಿ ನೋಡಿದಳು.

ಮುದುಕಮ್ಮ ಸೆರಗು ಸರಿಮಾಡಿಕೊಂಡು ನನ್ನ ಕಡೆ ಬಗ್ಗಿ, "ನಂಗೆ ಕಿವಿ ಸರಿಯಾಗಿ ಕೇಳಿಸಲ್ಲಪ್ಪ" ಎಂದರು.

ನಾನು ಹಲಗೆ ತಟ್ಟಿದೆ. "ಇನ್ನೊಂದ್ಸಲ ಓದು" ಎಂದೆ. ಓದಿದಳು.