ಮಾನ್ವಿ ಬಸ್ಸಿನ ಗುಳಿಗೆ

ಬಸಲಿಂಗಪ್ಪ ಮಾವ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡ ಮೇಲೆ ಮಂಚದ ಪಟ್ಟಿಯನ್ನು ಎರಡು ಸಲ ಬಡಿದು, ‘ರೈಟ್’ ಎಂದು ನುಂಗುತ್ತಿದ್ದರು. ಬಡಿಯುವುದು ಮರೆತರೆ ಗುಳಿಗೆ ಗಂಟಲಲ್ಲೇ ನಿಲ್ಲುತ್ತದೆ ಎಂದು ಅವರ ವಾದ.

ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವರು ಇಪ್ಪತ್ತೆರಡು ವರ್ಷ ಕಂಟ್ರೋಲರ್ ಆಗಿದ್ದವರು. ಬಂದ ಬಸ್ಸಿನ ವೇಳೆ ಬರೆದುಕೊಂಡು, ಹೊರಡುವ ಬಸ್ಸಿಗೆ ಅಪ್ಪಣೆ ಕೊಡುವ ಕೆಲಸ. ಊರವರ ಬಾಯಲ್ಲಿ ಅವರು ಬಸ್‌ಲಿಂಗಪ್ಪ. ನಿವೃತ್ತರಾದ ಮೇಲೂ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಮನೆಯಲ್ಲಿ ಕುಳಿತು, ಹಾರ್ನ್ ಕೇಳಿಯೇ ಇದು ಯಾವ ಗಾಡಿ ಎಂದು ಗುರುತಿಸಿ, ಶಾಲೆಯ ನೋಟುಬುಕ್ಕೊಂದರಲ್ಲಿ ಬರೆಯುತ್ತಿದ್ದರು. ಗಾಡಿ, ಬಂದ ವೇಳೆ, ತಡವಾದರೆ ಅಥವಾ ಬೇಗ ಬಂದರೆ ಕಾರಣ, ಸಹಿ. ಯಾರೂ ಕೇಳಿರಲಿಲ್ಲ.

ನಾನು ಆಗ ರಾಯಚೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆನ್ನುನೋವೆಂದು ಬಂದ ಮಾವನನ್ನು ನಾನೇ ಡಾಕ್ಟರ ಬಳಿ ಕರೆದೊಯ್ದೆ. ನಾನು ಹೊರಗೆ ಚೀಟಿ ಹಿಡಿದು ನಿಂತಿದ್ದಾಗ ಒಳಗೆ ನಡೆದದ್ದನ್ನು ಮಾವ ಹೀಗೆ ಹೇಳಿದರು: “ಡಾಕ್ಟರ್ ಕ್ಯಾನ್ಸಲ್ ಅಂದ್ರು. ಯಾವ ಗಾಡಿರೀ ಅಂತ ಕೇಳಿದೆ. ಸಿಟ್ಟಿಗೆದ್ದ್ರು.”

ಅವರಿಗೆ ನಿಜಕ್ಕೂ ಕ್ಯಾನ್ಸರ್ ಎಂಬ ಮಾತು ಹಾಗೆ ಕೇಳಿಸಿತೇ, ಅಥವಾ ನನ್ನನ್ನು ನಗಿಸಲು ಹಾಗೆ ಹೇಳಿದರೇ ಎಂಬುದು ಇಂದಿಗೂ ಗೊತ್ತಾಗಿಲ್ಲ. ಊರಿಗೆ ಮರಳುವಾಗ ಕಲ್ಮಲ ದಾಟುವವರೆಗೆ ಬಸ್ಸಿನಲ್ಲಿ ಇಬ್ಬರೂ ನಕ್ಕೆವು ಎಂದು ನೆನಪು. ನನ್ನ ಆ ದಿನದ ಡೈರಿಯಲ್ಲಿ ನಗುವಿನ ಮಾತೇ ಇಲ್ಲ.

ಡಾಕ್ಟರು ಎರಡು ತರಹದ ಗುಳಿಗೆ ಬರೆದುಕೊಟ್ಟಿದ್ದರು. ನಿದ್ದೆಯದಕ್ಕೆ ಮಾವ ‘ನೈಟ್ ಹಾಲ್ಟ್’ ಎಂದು ಹೆಸರಿಟ್ಟರು. ಸಂಜೆ ಬಂದು ಬೆಳಗಿನವರೆಗೆ ನಿಲ್ಲುವ ಗಬ್ಬೂರಿನ ಗಾಡಿ ಬಂದ ಮೇಲೆಯೇ ಅದನ್ನು ನುಂಗುವುದು. ಒಮ್ಮೆ ಆ ಗಾಡಿ ಗಬ್ಬೂರಿನಲ್ಲೇ ಕೆಟ್ಟು ನಿಂತಿತು. ಮಾವ ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ. “ಗಾಡಿನ ಬರಲಿಲ್ಲ, ಹಾಲ್ಟ್ ಹೆಂಗ ಆಗತದ?” ಎಂದು ನನ್ನನ್ನೇ ಕೇಳಿದರು.

ನೋವಿನ ಗುಳಿಗೆಯದು ಇನ್ನೂ ಕಷ್ಟ. ಮಧ್ಯಾಹ್ನದ್ದನ್ನು ಅವರು ಎರಡು ಗಂಟೆಯ ಮಾನ್ವಿ ಬಸ್ಸಿಗೆ ಕಟ್ಟಿಹಾಕಿದ್ದರು. ಎರಡು ಗಂಟೆಯ ಬಸ್ಸು ಬರುತ್ತಿದ್ದದ್ದು ಮೂರಕ್ಕೆ, ಕೆಲವೊಮ್ಮೆ ಮೂರೂವರೆಗೆ. ಬೆನ್ನಿನ ನೋವು ಹನ್ನೆರಡಕ್ಕೇ ಬಂದು ಕುಳಿತಿರುತ್ತಿತ್ತು. ಮಾವ ಹಲ್ಲು ಕಚ್ಚಿ, ಬೆವರಿ, ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ಹಾರ್ನಿಗೆ ಕಾಯುತ್ತಿದ್ದರು. ನೀಲವ್ವ ಅತ್ತೆ ಗೋಡೆಯ ಗಡಿಯಾರವನ್ನು ಮುಂದೆ ತಿರುಗಿಸಿ ನೋಡಿದಳು. ಮಾವ ಅದರ ಕಡೆ ತಲೆ ಎತ್ತಲೂ ಇಲ್ಲ. “ಅದು ಗ್ವಾಡಿಗಿ ತೂಗಾಡತದ. ಅದಕ್ಕೇನ್ ಗೊತ್ತು ರಸ್ತಾದ ಸುದ್ದಿ? ಗಾಡಿ ಬಂದಾಗನ ಟೈಮ್.”

ನೋವು ಬರುವವರೆಗೆ ಕಾಯಬೇಡಿ, ಮೊದಲೇ ಕೊಡಿ ಎಂದು ಡಾಕ್ಟರು ನನಗೆ ಒತ್ತಿ ಹೇಳಿದ್ದರು. ಅದನ್ನು ಮಾವನಿಗೆ ಹೇಳಿದೆ.

“ಲೇ ತಮ್ಮಾ, ಬರದ ಗಾಡಿದು ಎಂಟ್ರಿ ಹಾಕಿದ್ರ ನನ್ನ ನೌಕರಿ ಹೋಗತದ.”

“ನೌಕರಿ ಹೋಗಿ ವರ್ಷಾತು,” ಎಂದಳು ಅತ್ತೆ, ರೊಟ್ಟಿ ಬಡಿಯುತ್ತಲೇ. “ಈಗ ಜೀವ ಹೋಗಾಕತ್ತದ. ನುಂಗ್ರಿ.”

ನುಂಗಲಿಲ್ಲ. ಹೆಂಡತಿಯ ಮಾತಿಗೂ ಡಾಕ್ಟರ ಮಾತಿಗೂ ಬಗ್ಗದ ಮನುಷ್ಯ ಒಂದು ಹಾರ್ನಿಗಾಗಿ ದಿನಕ್ಕೆ ಮೂರು ಗಂಟೆ ಒದ್ದಾಡುತ್ತಿದ್ದ.

ಮುಂದಿನ ಉಪಾಯ ಯಾರದು? ನನ್ನದೇ ಎಂದು ಬಹಳ ವರ್ಷ ನಾನು ಹೇಳಿಕೊಂಡು ತಿರುಗಿದ್ದೇನೆ. ಡೈರಿ ಬೇರೆ ಹೇಳುತ್ತದೆ: ‘ಅತ್ತೆ ಮೆಹಬೂಬನನ್ನು ಕಂಡು ಬಂದಳು.’ ಮೆಹಬೂಬ ಮಾನ್ವಿ ಬಸ್ಸಿನ ಡ್ರೈವರು. ಮರುದಿನದಿಂದ ಅವನು ಸಿರವಾರದಲ್ಲಿ ಚಹಾಕ್ಕೆ ಇಳಿಯುವುದನ್ನು ಬಿಟ್ಟ. ಬುಟ್ಟಿ ಹೊತ್ತು ದೂರದಿಂದ ಕೈ ಬೀಸುವವರಿಗೆ ಕಾಯುವುದನ್ನೂ ಬಿಟ್ಟ. ಮೊದಮೊದಲು ಬೈದ ಜನ ವಿಷಯ ಗೊತ್ತಾದ ಮೇಲೆ ತಾವೇ ಕಂಡಕ್ಟರಾದರು. ಸಂತೆಯ ಹೆಂಗಸರು ತಡಮಾಡಿ ಹತ್ತುವವರನ್ನು “ಲಗೂ ಹತ್ತ್ರಿ, ಸಾಹೇಬ್ರ ಗುಳಿಗಿ ಟೈಮ್ ಆಗ್ಯದ” ಎಂದು ಒಳಗೆ ಎಳೆದುಕೊಳ್ಳುತ್ತಿದ್ದರಂತೆ.

ಬಸ್ಸು ಒಂದೂ ಮುಕ್ಕಾಲಿಗೇ ಬಂದ ದಿನ ನಾನು ಅಲ್ಲಿದ್ದೆ. ಮಾವ ಹಾರ್ನ್ ಕೇಳಿ ಗುಳಿಗೆ ನುಂಗಿದರು. ಆಮೇಲೆ ಮೆಹಬೂಬನನ್ನು ಕರೆಸಿದರು. ನೋಟುಬುಕ್ಕು ತೊಡೆಯ ಮೇಲಿತ್ತು.

“ಟೈಮಿಗಿಂತ ಮೊದಲ ಬಂದೀದಿ. ಕಾರಣ ಹೇಳು.”

ಮೆಹಬೂಬ ಅತ್ತೆಯ ಮುಖ ನೋಡಿದ. “ರಸ್ತಾ ಖಾಲಿ ಇತ್ತುರೀ ಸಾಹೇಬ್ರ.”

“ಮಾನ್ವಿ ರಸ್ತಾ ಖಾಲಿ ಇದ್ದದ್ದು ನನ್ನ ಸರ್ವಿಸ್‌ನಾಗ ನಾ ನೋಡಿಲ್ಲ.”

“ಇವತ್ತ ಇತ್ತುರೀ.”

ಮಾವ ಏನೋ ಬರೆದು, ಸಹಿ ಹಾಕಿ, ಪುಸ್ತಕ ಮುಚ್ಚಿದರು. ನಾವು ಗೆದ್ದೆವು ಎಂದುಕೊಂಡೆವು.

ನೋವು ಹೆಚ್ಚಿದಂತೆ ಬಸ್ಸು ಇನ್ನೂ ಬೇಗ ಬರತೊಡಗಿತು. ಒಂದೂವರೆ, ಆಮೇಲೆ ಒಂದೂಕಾಲು. ಮಾನ್ವಿಯಿಂದ ಅದು ಎಷ್ಟಕ್ಕೆ ಹೊರಡುತ್ತಿತ್ತೋ, ಯಾರು ಕಣ್ಣು ಮುಚ್ಚಿಕೊಂಡಿದ್ದರೋ, ನಾನು ಕೇಳಲಿಲ್ಲ.

ಕೊನೆಯ ಭಾನುವಾರ ಹಾರ್ನ್ ಕೇಳಿದಾಗ ಮಾವನ ಕೈ ಮೇಲೇಳಲಿಲ್ಲ. ಅತ್ತೆ ಗುಳಿಗೆಯನ್ನು ಬಾಯಿಗಿಟ್ಟು, ಮಂಚದ ಪಟ್ಟಿಯನ್ನು ತಾನೇ ಎರಡು ಸಲ ಬಡಿದಳು. ಮಾವನ ತುಟಿ ಅಲುಗಿತು. ‘ರೈಟ್’ ಎಂದರು ಎಂದು ನನ್ನ ನೆನಪು. ಅದು ಬರೀ ಗುಟುಕಿನ ಸಪ್ಪಳವೂ ಆಗಿದ್ದೀತು. ಸ್ವಲ್ಪ ಹೊತ್ತಿಗೆ ಮುಖದ ಗಂಟು ಸಡಿಲಾಗಿ ನಿದ್ದೆಹೋದರು. ಡೈರಿಯಲ್ಲಿ ಅಂದು ಬರೆದದ್ದು ಇಷ್ಟೇ: ‘ಮಾವ ಮಲಗಿದರು. ವಿಪರೀತ ಬಿಸಿಲು.’ ಬುಧವಾರ ರಾಯಚೂರಿಗೆ ಸುದ್ದಿ ಬಂತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಅತ್ತೆ ನೋಟುಬುಕ್ಕನ್ನು ನನ್ನ ಕೈಗೆ ಕೊಟ್ಟಳು. “ನೀ ಓದಿದಾಂವ, ಇಟ್ಕೋ.” ಅದು ಈಗಲೂ ನನ್ನ ಬಳಿ ಇದೆ. ಇದೊಂದಕ್ಕೆ ನಾನು ನೆನಪನ್ನು ನಂಬಬೇಕಾಗಿಲ್ಲ. ಮೆಹಬೂಬನನ್ನು ಕರೆಸಿದ ಆ ಮೊದಲ ದಿನದ ಸಾಲಿನಲ್ಲಿ, ‘ರಸ್ತೆ ಖಾಲಿ’ ಇರುತ್ತದೆಂದು ನಾನು ಹುಡುಕಿದ ಜಾಗದಲ್ಲಿ, ಮಾವನ ದುಂಡು ಅಕ್ಷರದಲ್ಲಿ ಹೀಗಿದೆ:

‘ಮಾನ್ವಿ ಗಾಡಿ. ಹದಿನೈದು ನಿಮಿಷ ಮೊದಲು. ಕಾರಣ: ಕಂಟ್ರೋಲರ್‌ಗೆ ನೋವು. ಕ್ಷಮಿಸಲಾಗಿದೆ.’

ಕೆಳಗೆ ಸಹಿ.