ಕುಂಕುಮ ಹಚ್ಚಿದ ಫ್ಲಾಪಿ

ಹಾವು, ಚೇಳು, ಕತ್ತಲೆ, ಇವುಗಳ ಭಯ ನನಗೆ ಅಷ್ಟಾಗಿ ಇರಲಿಲ್ಲ. ನನಗಿದ್ದ ಭಯ ಒಂದೇ, ಅಪ್ಪನ ದನಿ. ಅಪ್ಪ ಗುಬ್ಬಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದರು. ಗ್ರೌಂಡಿನಲ್ಲಿ ನಿಂತು ಅವರು ‘ಸಾವಧಾನ್’ ಅಂದರೆ ಕಾಂಪೌಂಡಿನ ಆಚೆ ಚೇಳೂರಿನ ಬಸ್ಸಿಗೆ ಕಾಯುತ್ತಿದ್ದವರೂ ನೆಟ್ಟಗಾಗುತ್ತಾರೆ ಎಂದು ಊರಿನವರು ನಗಾಡುತ್ತಿದ್ದರು. ನಗಾಡುವುದು ಅವರಿಗೆ ಸುಲಭ. ಆ ದನಿಯ ಜೊತೆ ಒಂದೇ ಸೂರಿನಡಿ ಅವರು ಬಾಳಬೇಕಿರಲಿಲ್ಲ.

ಮನೆಗೆ ಬಂದರೂ ಅಪ್ಪನ ದನಿ ಗ್ರೌಂಡಿನ ಅಳತೆಯಲ್ಲೇ ಇರುತ್ತಿತ್ತು. ಅಮ್ಮನನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ‘ಲೇ ಇವಳೇ’ ಎಂದೇ ಕೂಗು. ಅಮ್ಮ ಹಿತ್ತಲಿನಲ್ಲಿರಲಿ, ಬಚ್ಚಲಿನಲ್ಲಿರಲಿ, ‘ಬಂದೇ, ಬಂದೇ’ ಎಂದು ಎರಡೆರಡು ಸಲ ಹೇಳಿಕೊಂಡು, ಸೆರಗಿಗೆ ಕೈ ಒರೆಸುತ್ತ ಓಡಿ ಬರುತ್ತಿದ್ದಳು. ನಾನು ಓದುತ್ತ ಕೂತಿದ್ದರೆ ಎದ್ದು ನಿಲ್ಲುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ಕಾಲುಗಳು ತಾವಾಗಿಯೇ ಏಳುತ್ತಿದ್ದವು. ಅಪ್ಪ ಯಾರಿಗೂ ಹೊಡೆದವರಲ್ಲ. ಅದರ ಅಗತ್ಯವೇ ಬೀಳುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ, ಅಮ್ಮನ ತಮ್ಮ, ಅಂದರೆ ನನ್ನ ಮಾವ, ಕುಣಿಗಲ್‌ನಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದ. ವಿಜಯದಶಮಿಯ ದಿನ ಪೂಜೆ. ಬಾಗಿಲಲ್ಲಿ ಬೂದುಗುಂಬಳ ಒಡೆದಿದ್ದರು, ಮಾನಿಟರಿಗೆ ಚೆಂಡು ಹೂವಿನ ಹಾರ, ಕೀಬೋರ್ಡಿನ ಮೇಲೆ ನಿಂಬೆಹಣ್ಣು. ಆ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ದನಿ ಹಿಡಿಯಬಹುದು ಎಂದು ಮಾವ ಎಲ್ಲರಿಗೂ ತೋರಿಸುತ್ತಿದ್ದ. ಅಪ್ಪನನ್ನೂ ಮೈಕಿನ ಮುಂದೆ ಕೂರಿಸಿದ. ಆಗ ನಾನು ಪಿಯುಸಿಯಲ್ಲಿದ್ದೆ. ಅಪ್ಪ ಏನೇನೋ ಕೂಗಿದರು, ಯಾರೋ ನಕ್ಕರು, ಅವರಿಗೆ ರೇಗಿತು. ‘ಈಗ ಕೇಳಿ ಭಾವ, ನಿಮ್ ದನಿ ನಿಮ್ಗೇ ಕೇಳಿಸ್ತೀನಿ’ ಎಂದು ಮಾವ ಅಂದದ್ದಕ್ಕೆ, ‘ನನ್ ದನಿ ನಂಗೊತ್ತಿಲ್ವೇನ್ಲಾ? ಕಂಡಿದೀನಿ ಬುಡು’ ಎಂದು ಊಟಕ್ಕೂ ನಿಲ್ಲದೆ ನಮ್ಮನ್ನೆಲ್ಲ ಹೊರಡಿಸಿಕೊಂಡು ಬಂದುಬಿಟ್ಟರು. ಆಮೇಲೊಂದು ದಿನ ಮಾವ ಗುಬ್ಬಿಗೆ ಬಂದಾಗ ಅಮ್ಮನ ಕೈಗೆ ಒಂದು ಕರಿಯ ಫ್ಲಾಪಿ ಕೊಟ್ಟ. ‘ಭಾವನ ದನಿ ಇದ್ರಲ್ಲಿದೆ ಕಣಕ್ಕ, ಇಟ್ಕೊ’ ಅಂದ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅಮ್ಮ ಅದನ್ನು ತೆಗೆದುಕೊಂಡು ಹೋಗಿ ದೇವರ ಮನೆಯ ಗೂಡಿನಲ್ಲಿಟ್ಟಳು.

ಹತ್ತು ವರ್ಷ ಅದು ಅಲ್ಲೇ ಇತ್ತು. ಅಷ್ಟರಲ್ಲಿ ನಾನು ಮದುವೆಯಾಗಿ ತುಮಕೂರಿನ ಶೆಟ್ಟಿಹಳ್ಳಿಗೆ ಬಂದು, ಮನೆಯ ಮುಂದಿನ ಕೋಣೆಯಲ್ಲೇ ಡಿಟಿಪಿ ಅಂಗಡಿ ಇಟ್ಟುಕೊಂಡೆ. ಲಗ್ನಪತ್ರಿಕೆ, ಪ್ರಾಜೆಕ್ಟ್ ರಿಪೋರ್ಟು, ಜೊತೆಗೆ ಹಳೆಯ ಫ್ಲಾಪಿಗಳಲ್ಲಿ ಇದ್ದದ್ದನ್ನು ಸಿಡಿಗೆ ಇಳಿಸಿಕೊಡುವ ಕೆಲಸ. ಕೈಗೆ ಬಂದ ಫ್ಲಾಪಿಗಳಲ್ಲಿ ಬೂಷ್ಟು ಹಿಡಿದವು, ಬಿಸಿಲಿಗೆ ಸೊಟ್ಟಗಾದವು, ಪಿನ್ನು ಹೊಡೆಸಿಕೊಂಡು ಫೈಲಿನೊಳಗೆ ಕೂತವು, ಎಲ್ಲ ಬಗೆಯೂ ಇದ್ದವು. ಓದುವಾಗ ಡ್ರೈವು ‘ಕರ್ರ್, ಕರ್ರ್’ ಎಂದು ಒಂದೇ ಜಾಗದಲ್ಲಿ ತಡಕಾಡುತ್ತದಲ್ಲ, ಆ ಸದ್ದು ನನಗೆ ಇಂದಿಗೂ ಆಗದು. ಹಾಗೆ ತಡಕಾಡಿದಷ್ಟೂ ಫ್ಲಾಪಿ ಸವೆಯುತ್ತದೆ. ಇನ್ನೊಂದು ಸಲ ನೋಡೋಣ ಅಂದುಕೊಂಡು ಒತ್ತಿದ ಸಲವೇ ಕೊನೆಯದಾಗಬಹುದು.

ಅಪ್ಪ ರಿಟೈರ್ ಆದ ಮೇಲೆ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿಪೆಟ್ಟಿಗೆ ಹೋಯಿತು. ಕುತ್ತಿಗೆಯ ಬುಡದಲ್ಲಿ ಮಾಡಿದ ತೂತಿನಿಂದಲೇ ಇನ್ನು ಉಸಿರು. ಮನೆಗೆ ಬಂದ ವಾರದಲ್ಲಿ ಅಪ್ಪ ಮೊಳೆಗೆ ನೇತು ಹಾಕಿದ್ದ ತಮ್ಮ ಸೀಟಿಯನ್ನು ತೆಗೆದು ತುಟಿಗಿಟ್ಟುಕೊಂಡದ್ದನ್ನು ನಾನು ಕಂಡೆ. ಕೆನ್ನೆ ಉಬ್ಬಲಿಲ್ಲ. ಗಾಳಿಯೆಲ್ಲ ಕುತ್ತಿಗೆಯ ತೂತಿನಿಂದ ‘ಸುಸ್’ ಎಂದು ಹೋಯಿತು. ಸೀಟಿಯನ್ನು ಮತ್ತೆ ಮೊಳೆಗೆ ಹಾಕಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ನನಗೆ ಅಳು ಬಂತು. ಮನೆ ಸದ್ದಿಲ್ಲದೆ ಇರುವುದು ಎಷ್ಟು ಹಿತ ಎಂದು ಅದೇ ಹೊತ್ತಿಗೆ ಅನಿಸಿದ್ದೂ ನಿಜ.

ಮಾರನೆಯ ವರ್ಷ, ಬೇಸಿಗೆಯ ಒಂದು ಬೆಳಿಗ್ಗೆ ಇಬ್ಬರೂ ಶೆಟ್ಟಿಹಳ್ಳಿಗೆ ಬಂದರು. ಅಪ್ಪ ಚಿಟಿಕೆ ಹೊಡೆದು ನನ್ನನ್ನು ಕರೆದರು. ಜೇಬಿನಿಂದ ಕರವಸ್ತ್ರ ತೆಗೆದು, ಬಿಡಿಸಿ, ಆ ಫ್ಲಾಪಿಯನ್ನು ನನ್ನ ಕೈಯಲ್ಲಿಟ್ಟರು. ಆಮೇಲೆ ಬೆರಳಿನಿಂದ ತಮ್ಮ ಗಂಟಲು ಮುಟ್ಟಿಕೊಂಡು, ಕಿವಿ ಮುಟ್ಟಿಕೊಂಡರು. ಒಂದು ಸಲ ಕೇಳಬೇಕು ಎಂದು. ಅಪ್ಪ ನನ್ನನ್ನು ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲು. ಹೇಳಿದ್ದುಂಟು, ಕೇಳಿಕೊಂಡದ್ದಿಲ್ಲ.

ಫ್ಲಾಪಿಯನ್ನು ಕಿಟಕಿಯ ಬಳಿ ಒಯ್ದು ನೋಡಿದೆ. ಅದರ ಮೈಮೇಲೆ ಹತ್ತು ವರ್ಷದ ಅರಿಶಿನ ಕುಂಕುಮ ಪದರ ಕಟ್ಟಿತ್ತು. ತಗಡಿನ ಪುಟ್ಟ ಬಾಗಿಲನ್ನು ಉಗುರಿನಿಂದ ಸರಿಸಿದೆ. ದನಿಯನ್ನು ಬರೆದಿಟ್ಟ ಒಳಗಿನ ಕರಿಯ ಹಾಳೆಯ ಮೇಲೂ ಕುಂಕುಮದ ಬೊಟ್ಟು. ಹಾಳೆಯನ್ನು ಮೆಲ್ಲಗೆ ತಿರುಗಿಸಿದರೆ ಇನ್ನೊಂದು ಬೊಟ್ಟು, ಅದರಾಚೆ ಮತ್ತೊಂದು.

ಅಪ್ಪ ಮಲಗಿದ ಮೇಲೆ ಅಡುಗೆಮನೆಯಲ್ಲಿ ಅಮ್ಮನನ್ನು ಕೇಳಿದೆ.

‘ಆಯುಧ ಪೂಜೇಲಿ ಹಚ್ಚಿದ್ದು ಕಣೇ’ ಅಂದಳು. ‘ಈಳಿಗೆಮಣೆ, ಮಚ್ಚು, ಅವ್ರ ಸೈಕಲ್ಲು, ಸೀಟಿ, ಎಲ್ಲಾದ್ಕೂ ಹಚ್ತೀವಲ್ಲ, ಇದೂ ಒಂದ್ ಮಿಷನ್ನೇ ತಾನೆ.’

‘ಒಳಗ್ಯಾಕಮ್ಮ ಹಚ್ಚಿದೆ?’

‘ಬಾಗ್ಲು ಇತ್ತಲ್ಲ. ಹೊಸ್ತಿಲಿಗೆ ಹಚ್ಚೋ ಹಂಗೆ ಬಾಗ್ಲು ತೆಗ್ದು ಹಚ್ಚಿದೆ. ಆಪರೇಷನ್ ಆದ್ ವರ್ಷ ಒಂದಿಷ್ಟು ಜಾಸ್ತೀನೇ ಹಚ್ಚಿದೆ, ಒಳ್ಳೇದಾಗ್ಲಿ ಅಂತ.’ ನನ್ನ ಮುಖ ನೋಡಿ ಅವಳ ಮುಖ ಇಳಿಯಿತು. ‘ಯಾಕೇ? ನಾನೇ ಹಾಳ್ ಮಾಡ್ಬುಟ್ನಾ?’

ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಅಂಗೈ ತಣ್ಣಗಿತ್ತು. ‘ಅವ್ರಿಗೆ ಹೇಳ್ಬ್ಯಾಡ ಕಣೇ, ನಿನ್ ದಮ್ಮಯ್ಯ’ ಅಂದಳು. ದನಿಯೇ ಇಲ್ಲದ ಗಂಡ, ಕೋಣೆಯಲ್ಲಿ ಮಲಗಿದ್ದಾನೆ, ಇವಳು ಇಲ್ಲಿ ನಡುಗುತ್ತಿದ್ದಾಳೆ. ನನಗೆ ಅವಳ ಮೇಲೆ ಸಿಟ್ಟು ಬಂತು. ಆದರೆ ನನ್ನ ಕೈಯೂ ಅಷ್ಟೇ ತಣ್ಣಗಿತ್ತು.

ಅಪ್ಪ ಅಮ್ಮ ಫ್ಲಾಪಿಯನ್ನು ನನ್ನ ಬಳಿ ಬಿಟ್ಟು ಗುಬ್ಬಿಗೆ ಮರಳಿದರು. ಅದನ್ನು ಹಾಗೇ ಡ್ರೈವಿಗೆ ಹಾಕುವಂತಿರಲಿಲ್ಲ. ಹಾಳೆ ತಿರುಗಿದರೆ ಕುಂಕುಮ ಮರಳಿನಂತೆ ಉಜ್ಜಿ ದನಿಯನ್ನೆಲ್ಲ ಕೆರೆದು ಹಾಕುತ್ತದೆ. ತೊಳೆಯಲೇಬೇಕು. ಮೊದಲು ಬೇಡದ ಫ್ಲಾಪಿಯೊಂದಕ್ಕೆ ನಾನೇ ಕುಂಕುಮ ಹಚ್ಚಿ, ಒಣಗಿಸಿ, ಕವಚ ಬಿಡಿಸಿ, ಹತ್ತಿಯಿಂದ ಒರೆಸಿ ನೋಡಿದೆ. ಕುಂಕುಮದ ಜೊತೆಗೇ ಹಾಳೆಯ ಬಣ್ಣವೂ ಕಿತ್ತು ಬಂತು. ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ಕಿಟಕಿಯ ಸರಳು ಕಾಣುತ್ತಿತ್ತು. ಇದು ಅಪ್ಪನ ಫ್ಲಾಪಿ ಆಗಿದ್ದರೆ? ಅಂಗಡಿಯ ಬಾಗಿಲು ಹಾಕಿ, ಬೇಡದ ಇನ್ನೊಂದು ಫ್ಲಾಪಿಗೆ ಕುಂಕುಮ ಹಚ್ಚಿ ಒಣಗಲು ಇಟ್ಟೆ. ಎರಡನೆಯದನ್ನು ಒರೆಸಲಿಲ್ಲ. ಯುಪಿಎಸ್ ಬ್ಯಾಟರಿಗೆ ಹಾಕಲು ತಂದಿದ್ದ ಡಿಸ್ಟಿಲ್ಡ್ ವಾಟರನ್ನು ತಟ್ಟೆಗೆ ಸುರಿದು ನೆನೆಹಾಕಿದೆ. ಕೈ ಮುಟ್ಟಿಸದೆ ನೀರು ಬದಲಿಸುತ್ತ ಹೋದರೆ ಕುಂಕುಮ ತಾನಾಗಿ ಬಿಟ್ಟಿತು. ಆ ಫ್ಲಾಪಿ ಪೂರ್ತಿ ಓದಿತು. ಆದರೆ ಅದರ ಕುಂಕುಮ ನಿನ್ನೆಯದು, ಅಮ್ಮನದು ಹತ್ತು ವರ್ಷದ್ದು.

ಇನ್ನೊಂದು ತೊಡಕಿತ್ತು. ಒಂದು ಡ್ರೈವು ಬರೆದದ್ದನ್ನು ಇನ್ನೊಂದು ಡ್ರೈವು ಎಷ್ಟೋ ಸಲ ಒಪ್ಪುವುದಿಲ್ಲ. ಕೆಲವರ ಕೈಬರಹ ಅವರಿಗೆ ಮಾತ್ರ ಓದಲು ಬರುವ ಹಾಗೆ. ಆ ದನಿಯನ್ನು ಬರೆದ ಡ್ರೈವೇ ಸಿಕ್ಕರೆ ಒಳ್ಳೆಯದು ಎಂದು ಕುಣಿಗಲ್‌ಗೆ ಹೋದೆ. ಬೀದಿಗೊಂದು ಸೈಬರ್ ಕೆಫೆ ಬಂದ ಮೇಲೆ ಮಾವ ಕೇಂದ್ರ ಮುಚ್ಚಿ ತೆಂಗಿನಕಾಯಿ ವ್ಯಾಪಾರಕ್ಕೆ ಇಳಿದಿದ್ದ. ಕಂಪ್ಯೂಟರ್ ಅಟ್ಟದ ಮೇಲೆ, ಕೊಬ್ಬರಿಗೆಂದು ಒಣಗಲು ಹಾಕಿದ ಕಾಯಿಗಳ ಮಗ್ಗುಲಲ್ಲಿತ್ತು.

‘ಇಲಿ ಸೇರ್ಕೊಂಡವ್ಯೇನೋ, ನೋಡ್ಕೊಂಡ್ ಕೈ ಹಾಕವ್ವ’ ಅಂದ ಮಾವ, ಏಣಿ ಹಿಡಿದುಕೊಂಡು.

ಇಲಿ ಇರಲಿಲ್ಲ. ಒಳಗೆ ಹಲ್ಲಿಯ ಮೊಟ್ಟೆಗಳಿದ್ದವು, ಬೋರ್ಡಿನ ಮೇಲೆ ಹಸಿರು ಕಿಲುಬು. ಫ್ಲಾಪಿ ಡ್ರೈವನ್ನು ಮಾತ್ರ ಬಿಚ್ಚಿಕೊಂಡು, ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹೆಬ್ಬೂರಿನ ಹತ್ತಿರ ರಸ್ತೆ ಅಗೆದಿದ್ದರು. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಲ್ಲಿ ಅದನ್ನು ಮೇಲೆತ್ತಿ ಹಿಡಿದುಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು, ‘ಮೊಟ್ಟೆನಾ?’ ಎಂದು ಕೇಳಿದಳು. ಹೂಂ ಅಂದುಬಿಟ್ಟೆ.

ಅಪ್ಪನ ಫ್ಲಾಪಿಯ ಕವಚವನ್ನು ಬ್ಲೇಡಿನಿಂದ ಬಿಡಿಸಿದ ದಿನ ನಾನು ತಿಂಡಿ ತಿಂದಿರಲಿಲ್ಲ. ಹಾಳೆಯನ್ನು ನೀರಿಗಿಟ್ಟೆ. ನೀರು ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಓಕುಳಿಯಂಥ ಆ ನೀರನ್ನು ನೋಡುತ್ತ, ಇದರಲ್ಲಿ ಕುಂಕುಮ ಎಷ್ಟು, ದನಿ ಎಷ್ಟು ಎಂದು ನನ್ನನ್ನೇ ಕೇಳಿಕೊಂಡೆ. ಸಂಜೆಯ ಹೊತ್ತಿಗೆ ಬಹುತೇಕ ಬಿಟ್ಟಿತು. ಒಂದು ಬೊಟ್ಟು ಮಾತ್ರ ಕಲೆಯಾಗಿ ಉಳಿಯಿತು. ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ. ನೆರಳಿನಲ್ಲಿ ಒಣಗಿಸಿ, ಹೊಸ ಫ್ಲಾಪಿಯೊಂದರ ಕವಚದಲ್ಲಿ ಕೂರಿಸಿದೆ.

ಮಾರನೆಯ ಬೆಳಿಗ್ಗೆ ಕರೆಂಟ್ ಇರುವಾಗಲೇ ಶುರು ಮಾಡಿದೆ. ಸಿಕ್ಕಷ್ಟನ್ನು ಚೂರು ಚೂರಾಗಿ ಎತ್ತಿಕೊಂಡು, ಸಿಗದ್ದನ್ನು ಬಿಟ್ಟು ಮುಂದೆ ಹೋಗುವ ಒಂದು ಪ್ರೋಗ್ರಾಮ್ ನನ್ನ ಬಳಿ ಇತ್ತು. ಮಾವನ ಡ್ರೈವು ಸಲೀಸಾಗಿ ಓಡಿತು. ಆಮೇಲೆ ‘ಕರ್ರ್’ ಅಂದಿತು. ನಿಂತಿತು. ಮತ್ತೆ ‘ಕರ್ರ್’. ನಾನು ಕುರ್ಚಿಯ ಕೈ ಹಿಡಿದುಕೊಂಡು, ಸಾಕು, ಮುಂದೆ ಹೋಗು ಎಂದು ಬಾಯಿಬಿಟ್ಟು ಬೇಡಿಕೊಂಡೆ. ಹೋಯಿತು. ಹೀಗೆ ಎಷ್ಟು ಸಲವೋ. ಕೊನೆಗೆ ಪರದೆಯ ಮೇಲೆ ಫೈಲು ಬಂದು ಕೂತಿತು, ನಡುನಡುವೆ ಹರಿದದ್ದು.

ಅದನ್ನು ನಾನೊಬ್ಬಳೇ ಕೇಳಲಿಲ್ಲ. ಕೇಳಲು ಹೆದರಿದೆ. ಸಿಕ್ಕಿಲ್ಲವಾದರೆ ಅಪ್ಪನ ಮುಖ ನೋಡುವುದು ಹೇಗೆ ಎಂಬ ಭಯ ಒಂದು ಕಡೆ. ಸಿಕ್ಕಿದ್ದರೆ ಆ ದನಿ ಮತ್ತೆ ಮನೆಯೊಳಗೆ ಬರುತ್ತದಲ್ಲ ಎಂಬ ಭಯ ಇನ್ನೊಂದು ಕಡೆ. ಗುಬ್ಬಿಗೆ ಫೋನ್ ಮಾಡಿ ಬರಹೇಳಿದೆ.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದು, ಕಂಪ್ಯೂಟರಿನ ಮಗ್ಗುಲಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅಮ್ಮ ಕೂರಲಿಲ್ಲ. ಕಾಫಿ ಮಾಡ್ತೀನಿ ಎಂದು ಒಳಗೆ ಹೋದವಳು ಹೊರಗೆ ಬರಲಿಲ್ಲ, ಪಾತ್ರೆ ತೊಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಹಳೆಯ ಫೈಲು, ದನಿ ಸಣ್ಣಗೆ ಬಂದೀತು ಎಂದು ಸ್ಪೀಕರಿನ ತಿರುಪನ್ನು ಪೂರ್ತಿ ತಿರುಗಿಸಿ, ಒತ್ತಿದೆ.

ಮೊದಲು ಬರೀ ಜರಜರ ಸದ್ದು. ಮಾವನ ದನಿ, ‘ಮಾತಾಡಿ ಭಾವ.’ ‘ಟಪ್’ ಎಂದು ಒಂದು ಖಾಲಿ ಜಾಗ. ಆಮೇಲೆ, ಒಂದಿಷ್ಟೂ ಮುನ್ಸೂಚನೆಯಿಲ್ಲದೆ, ಗೋಡೆಗೆ ಬಡಿಯುವ ಹಾಗೆ:

‘ಸಾವಧಾನ್!’

ನಾನು ಎದ್ದು ನಿಂತೆ. ಕಾಲು ಜೋಡಿಸಿ, ಎರಡೂ ಕೈ ತೊಡೆಗೆ ಒತ್ತಿಕೊಂಡು. ಮೂವತ್ತು ಸಮೀಪಿಸಿದ ಹೆಂಗಸು ನಾನು, ನನ್ನದೇ ಅಂಗಡಿ, ನಾನೇ ಒತ್ತಿದ ಗುಂಡಿ.

‘ಏಯ್! ಯಾರದು ಹಲ್ ಕಿಸಿಯೋದು? ಮುಚ್ ಬಾಯಿ!’ ಮತ್ತೆ ‘ಟಪ್’. ‘ಲೇ ಇವಳೇ! ಎಲ್ ಸತ್ತೋಗಿದೀಯೇ?’

ಒಳಗೆ ಪಾತ್ರೆಯೊಂದು ಠಣಾರನೆ ಬಿತ್ತು. ‘ಬಂದೇ, ಬಂದೇ’ ಎನ್ನುತ್ತ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದಳು. ನಾವು ಏನು ಮಾಡುತ್ತಿದ್ದೇವೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಂದಳು. ಬಂದು ನಿಂತದ್ದು ಕಂಪ್ಯೂಟರಿನ ಮುಂದಲ್ಲ, ಅಪ್ಪನ ಮುಂದೆ, ತಲೆ ತಗ್ಗಿಸಿಕೊಂಡು.

ಅಪ್ಪ ಅವಳ ಮುಖ ನೋಡಿದರು. ತಿರುಗಿ ನನ್ನನ್ನು ನೋಡಿದರು, ತೊಡೆಗೆ ಅಂಟಿದ ನನ್ನ ಕೈಗಳನ್ನು ನೋಡಿದರು. ಸ್ಪೀಕರು ಇನ್ನೂ ಕೂಗುತ್ತಲೇ ಇತ್ತು. ಅಪ್ಪನ ಕುತ್ತಿಗೆಯ ತೂತಿನಲ್ಲಿ ಉಸಿರು ಜೋರಾಗಿ ಆಡುತ್ತಿತ್ತು. ಅವರು ಕೈ ಚಾಚಿ, ತಿರುಪನ್ನು ಹುಡುಕಿ, ದನಿಯನ್ನು ಸಣ್ಣದು ಮಾಡುತ್ತ ಬಂದರು. ಪೂರ್ತಿ ಆರಿಸಲಿಲ್ಲ. ದೂರದಲ್ಲಿ ಯಾರೋ ಮಾತಾಡಿಕೊಳ್ಳುತ್ತಿರುವಷ್ಟು ಉಳಿಸಿದರು.

ಆಮೇಲೆ ತುಟಿ ಅಲುಗಿತು. ಸದ್ದಿಲ್ಲ. ಅವರು ಏನು ಹೇಳುತ್ತಿದ್ದಾರೆ ಎಂದು ತಿಳಿಯಲು ನಾನು ಬಗ್ಗಿ ಅವರ ಬಾಯಿಯನ್ನೇ ನೋಡಬೇಕಾಯಿತು. ‘ಕೂತ್ಕೊ’ ಎನ್ನುತ್ತಿದ್ದರು. ನಾನು ಕೂತೆ. ಅವರು ಇನ್ನೊಂದು ಕುರ್ಚಿಯನ್ನು ಕಾಲಿನಿಂದ ಎಳೆದು ಅಮ್ಮನ ಹತ್ತಿರ ಸರಿಸಿ, ಮತ್ತೆ ಅದನ್ನೇ ಹೇಳಿದರು. ಅದು ತನಗೆ ಹೇಳಿದ್ದು ಎಂದು ಅಮ್ಮನಿಗೆ ಗೊತ್ತಾಗಲಿಲ್ಲ. ಒಮ್ಮೆ ಹಿಂದೆ ತಿರುಗಿ, ಬೇರೆ ಯಾರಾದರೂ ಬಂದಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿದಳು.