ಕಂಪ್ಲಿಯಲ್ಲಿ ಅತ್ತೆ ತೋರಿಸಿದ ಅರಮನೆ

ನಮ್ಮಪ್ಪನಿಗೆ ಕಳೆದುಹೋದ ರಾಜ್ಯಗಳೆಂದರೆ ಪ್ರಾಣ. ಹೊಟ್ಟೆಪಾಡಿಗೆ ಹೊಸಪೇಟೆಯ ಕಚೇರಿಯಲ್ಲಿ ಗುಮಾಸ್ತಿಕೆ, ಮನಸ್ಸೆಲ್ಲ ಹಂಪಿಯಲ್ಲಿ. ಯಾರಾದರೂ ದೊಡ್ಡ ಅಧಿಕಾರಿ ಊರಿಗೆ ಬಂದರೆ ಸಾಕು, ಅವರನ್ನು ಹಂಪಿಗೆ ಕರೆದೊಯ್ದು, ಮುರಿದ ಕಂಬವೊಂದನ್ನು ತಬ್ಬಿಕೊಂಡು, "ಎಂಥಾ ವೈಭವ ಮಣ್ಣುಪಾಲಾತಲ್ರೀ!" ಎಂದು ಕಣ್ಣೀರು ಹಾಕುತ್ತಿದ್ದರು. ಅಳುವುದಕ್ಕೂ ಅವರದೊಂದು ಖಾಯಂ ಕಂಬವಿತ್ತು. ಅಲ್ಲಿ ನೆರಳು ಚೆನ್ನಾಗಿತ್ತು.

ಅವರ ಸ್ವಂತ ತಂಗಿಯ ರಾಜ್ಯವೂ ಒಂದು ಕಳೆದುಹೋಗಿತ್ತು. ಅದರ ಪಾಲಿಗೆ ಮಾತ್ರ ಕಣ್ಣೀರು ಉಳಿದಿರಲಿಲ್ಲ. ಕಂಪ್ಲಿಯ ಕೋಟೆಯೊಳಗೆ, ಹೊಳೆಗೆ ಹತ್ತಿರ, ಎರಡಂಕಣದ ಪುಟ್ಟ ಮನೆ. ಅತ್ತೆಯ ಗಂಡ ಅಣ್ಣತಮ್ಮಂದಿರಿಂದ ಬೇರೆಯಾದಾಗ ಪಾಲಿಗೆ ಬಂದದ್ದು. ಆತ ತೀರಿಕೊಂಡ ವರ್ಷವೇ ಮೈದುನ ಅದರಲ್ಲಿ ಬೆಲ್ಲದ ಪೆಂಟೆ ತುಂಬಿ ಬೀಗ ಜಡಿದ. ಅತ್ತೆ ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ನಮ್ಮ ಮನೆಗೆ ಬಂದಳು. ಅದೇ ಹೊತ್ತಿಗೆ ನಮ್ಮ ತಾಯಿ ಸತ್ತು ಒಲೆಯ ಮುಂದೆ ಜಾಗ ಖಾಲಿಯಾಗಿತ್ತು. ದೇವರು ದೊಡ್ಡವನು ಎಂದರಂತೆ ಅಪ್ಪ.

ಅತ್ತೆ ಆಗಾಗ ಕೇಳುತ್ತಿದ್ದಳು. "ಅಣ್ಣಾ, ಒಮ್ಮೆ ಕಂಪ್ಲಿಗೆ ಹೋಗಿ ನಾಲ್ಕು ಮಂದಿ ಮುಂದ ಮಾತಾಡಿ ಬಾ. ನನ್ನ ಮನಿ ನನಗ ಬಿಡಿಸಿಕೊಡು."

"ಇಲ್ಲಿ ನಿನಗೇನ ಕಡಿಮಿ ಆಗೇದ?"

"ಕಡಿಮಿ ಏನೂ ಇಲ್ಲ. ಮನಿ ಇಲ್ಲ, ಅಷ್ಟ."

"ನೋಡೂಣಂತ" ಎಂದು ಅಪ್ಪ ಹಂಪಿಗೆ ಹೊರಡುತ್ತಿದ್ದರು. ಕಂಪ್ಲಿಯ ದಾರಿ ಅವರಿಗೆ ಯಾವಾಗಲೂ ದೂರವೇ.

ನಮಗೆ ಕೈತುತ್ತು ಹಾಕುವಾಗ ಅತ್ತೆ ಒಬ್ಬ ರಾಜಕುಮಾರಿಯ ಕಥೆ ಹೇಳುತ್ತಿದ್ದಳು. ಗಂಡುಮಕ್ಕಳಿಲ್ಲದ ಅರಸ ಮಗಳಿಗೇ ಸಿಂಹಾಸನ ಬಿಟ್ಟು ಸತ್ತ. ದಾಯಾದಿಗಳು ಅವಳನ್ನು ಹೊರಗೆ ಹಾಕಿ ತಾವು ಕೂತರು. ಅವಳು ಸೋದರಮಾವನ ಅರಮನೆಗೆ ಓಡಿದಳು. "ಮಾವ ಭಾಳ ಒಳ್ಳೆಯವ. ಅನ್ನ ಕೊಟ್ಟ, ಅರಿವಿ ಕೊಟ್ಟ, ದಂಡು ಮಾತ್ರ ಕೊಡಲಿಲ್ಲ."

"ಮುಂದ?"

"ಮುಂದೇನು? ಕಾಯಲಿಕ್ಕೆ ಹತ್ಯಾಳ."

ಒಂದು ಸಲ ಅನಂತಪುರದ ಕಡೆಯ ಅಧಿಕಾರಿಯೊಬ್ಬರು ಮೋಟಾರಿನಲ್ಲಿ ಬಂದು ನಮ್ಮಲ್ಲೇ ಊಟಕ್ಕೆ ನಿಂತರು. ಕನ್ನಡ ಬಲ್ಲವರು, ಇತಿಹಾಸದ ಹುಚ್ಚು ಬೇರೆ. ಪಡಸಾಲೆಯಲ್ಲಿ ಅಪ್ಪ ಸಾಮ್ರಾಜ್ಯವನ್ನು ಮೂರನೆಯ ಸಲ ಮುಳುಗಿಸುತ್ತಿದ್ದರು. ಆ ಪುಣ್ಯಾತ್ಮನ ಕಿವಿ ಅಡಿಗೆಮನೆಯಲ್ಲಿ ಅತ್ತೆ ಹೇಳುತ್ತಿದ್ದ ಕಥೆಯ ಕಡೆ ಹೊರಳಿತು. ಎದ್ದು ಬಂದು ಬಾಗಿಲಾಚೆ ನಿಂತು ಕಥೆಯನ್ನು ಪೂರ್ತಿ ಕೇಳಿದರು. ಕಣ್ಣಲ್ಲಿ ನೀರು.

"ಅಮ್ಮಾ, ಆ ರಾಜಕುಮಾರಿ ಯಾವೂರಾಕಿ?"

"ಕಂಪ್ಲಿಯಾಕಿ" ಎಂದಳು ಅತ್ತೆ ಬಾಗಿಲ ಹಿಂದಿನಿಂದ.

ಅಪ್ಪ ಓಡಿ ಬಂದರು. "ನಮ್ಮ ಮನೆತನದಾಗ ತಲಿತಲಾಂತರದಿಂದ ಬಂದ ಕಥಿ, ಸಾರ್!" ಎಂದೇಬಿಟ್ಟರು. ಅವರೂ ಅದನ್ನು ಕೇಳಿದ್ದು ಅಂದೇ ಮೊದಲು. ಅಡಿಗೆಮನೆಯ ಮಾತು ಅಲ್ಲಿಯತನಕ ಅವರ ಕಿವಿಗೆ ಮುಟ್ಟಿರಲಿಲ್ಲ.

"ಆಕಿ ಅರಮನಿ ಈಗಲೂ ಅದ ಏನಮ್ಮಾ?"

"ಅದರೀ. ಕೋಟಿಯೊಳಗ. ಕಣ್ಣಾರೆ ನೋಡೀನಿ."

ಇನ್ನೇನು ಬೇಕು? ಯಾರೂ ಕಾಣದ ಅರಮನೆ, ಕಂಡುಹಿಡಿದ ಕೀರ್ತಿ ನಮ್ಮಪ್ಪನಿಗೆ! ಮರುದಿನ ಬೆಳಿಗ್ಗೆ ಅಪ್ಪ ಜರಿಯ ಉತ್ತರೀಯ ಹೊದ್ದು ಮುಂದಿನ ಸೀಟಿನಲ್ಲಿ ಅಧಿಕಾರಿಯ ಪಕ್ಕ ಕೂತರು. ದಾರಿ ತೋರಿಸಲು ಅತ್ತೆ ಹಿಂದೆ, ಅವಳ ಪಕ್ಕ ನಾನು. ವಿಧವೆ ಮೋಟಾರು ಹತ್ತಿದಳೆಂದು ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಅತ್ತೆ ಅತ್ತ ನೋಡಲೂ ಇಲ್ಲ.

ಕಂಪ್ಲಿಯಲ್ಲಿ ಅತ್ತೆ ಇಳಿದು ಮುಂದೆ ಮುಂದೆ ನಡೆದಳು. ಅಪ್ಪ ಕೋಟೆಯ ಕಲ್ಲು ಕಲ್ಲಿಗೂ ಒಂದೊಂದು ಯುದ್ಧ ಕಟ್ಟುತ್ತಾ ಹಿಂದೆ ಬಂದರು. ಅತ್ತೆ ಬೀಗ ಹಾಕಿದ ಸಣ್ಣದೊಂದು ಬಾಗಿಲ ಮುಂದೆ ನಿಂತಳು.

"ಇದ ನೋಡ್ರಿ ಅರಮನಿ."

ಅಪ್ಪನ ಬಾಯಲ್ಲಿದ್ದ ಯುದ್ಧ ಅಲ್ಲೇ ನಿಂತಿತು. "ಲೇ, ಹುಚ್ಚು ಹಿಡೀತೇನ ನಿನಗ?"

ಅಧಿಕಾರಿ ನಗಲು ಹೋದವರು ಅವಳ ಮುಖ ನೋಡಿ ನಗೆ ತಡೆದುಕೊಂಡರು. "ರಾಜಕುಮಾರಿ ಎಲ್ಲಿ, ಅಮ್ಮಾ?"

"ನಿಮ್ಮ ಮುಂದನ ನಿಂತಾಳಲ್ರೀ."

ಅಷ್ಟರಲ್ಲಿ ಮೋಟಾರಿನ ಸುದ್ದಿ ಕೇಳಿ ಮೈದುನ ಕೈಮುಗಿದುಕೊಂಡೇ ಓಡಿ ಬಂದ. ಅಧಿಕಾರಿ ಈ ಮನೆ ಯಾರದೆಂದು ಕೇಳಿದಾಗ ಅವನು ತಡವರಿಸಿದ. "ಅಣ್ಣನ ಪಾಲಿಂದು, ಸಾಹೇಬ್ರ. ಆದ್ರ ನನ್ನದೇನೂ ತಪ್ಪಿಲ್ರಿ. ಈ ರಾಯರನ್ನ ಕೇಳ್ರಿ. 'ಆಕಿ ನಮ್ಮಲ್ಲೇ ಇರ್ತಾಳ, ಮನಿ ನೀವ ಇಟ್ಕೋರ್ರಿ' ಅಂತ ಇಲ್ಲೇ ನಿಂತು ಹೇಳಿ ಹೋಗ್ಯಾರ."

ಅತ್ತೆಗೆ ಅದು ಗೊತ್ತಿರಲಿಲ್ಲ. ಕಂಪ್ಲಿಗೆ ಅಣ್ಣ ಹೋಗೇ ಇಲ್ಲವೆಂದು ಅವಳು ಅಷ್ಟು ವರ್ಷ ತಿಳಿದಿದ್ದಳು. ಹೋಗಿದ್ದರು, ಪಾಪ. ಕೊಟ್ಟು ಬರಲು.

"ಖರೇ ಏನಣ್ಣಾ?" ಎಂದಳು, ದನಿ ಏರಿಸದೆ.

ಆರುನೂರು ವರ್ಷದ ಹಿಂದಿನದನ್ನು ನಿನ್ನೆ ನಡೆದಂತೆ ಹೇಳುತ್ತಿದ್ದ ಮನುಷ್ಯ ಹೊದ್ದ ಉತ್ತರೀಯವನ್ನೇ ಸರಿಮಾಡಿಕೊಳ್ಳತೊಡಗಿದ. ಆಮೇಲೆ ಸಿಟ್ಟು ಬಂದು ಸತ್ಯವೇ ಹೊರಬಿತ್ತು: "ಮತ್ತ? ನೀ ಇಲ್ಲಿ ಬಂದು ಕೂತರ ನನ್ನ ಮಕ್ಕಳಿಗೆ ಅನ್ನ ಮಾಡಿ ಹಾಕೋರು ಯಾರು?"

ಸುತ್ತ ನೆರೆದವರೆಲ್ಲ ಕೇಳಿಸಿಕೊಂಡರು. ಅಧಿಕಾರಿ ಮೈದುನನ ಕಡೆ ತಿರುಗಿ, "ಬಾಗಿಲು ತೆಗೀರಿ" ಎಂದರು. ಕಾನೂನಿನ ಮಾತಲ್ಲ ಅದು, ಮೋಟಾರಿನ ಮಾತು. ಬೀಗದ ಕೈ ಜಲ್ದಿ ಸಿಕ್ಕಿತು.

ಬೀಗ ತೆರೆಯದಿರಲಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ನನಗೆ ತಾಯಿ ಎಂದರೆ ಅವಳೇ. ಸೆರಗು ಹಿಡಿದು ಗೊಳೋ ಎಂದು ಅತ್ತುಬಿಟ್ಟೆ. ಅವಳಿಗೂ ಕಣ್ಣು ತುಂಬಿತು. "ಅಳಬ್ಯಾಡ ಪುಟ್ಟಿ. ರಜಾದಾಗ ಬಾ, ಅತ್ತಿ ಮನಿಗೆ" ಎಂದು ಸೆರಗು ಬಿಡಿಸಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದಳು. "ಬರ್ರಿ, ಒಳಗ ಬರ್ರಿ. ಕುಂದ್ರಿ."

ಬಂದವರಿಗೆ ಹಾಗೆ ಹೇಳುವುದು ಮನೆಯವರ ಮಾತು. ನಮ್ಮಲ್ಲಿ ಇದ್ದಷ್ಟು ವರ್ಷವೂ ಅವಳ ಬಾಯಿಂದ ಅದನ್ನು ಒಬ್ಬರೂ ಕೇಳಿರಲಿಲ್ಲ. ಅಧಿಕಾರಿ ತಲೆ ಬಗ್ಗಿಸಿ ಒಳಗೆ ಹೋದರು. ಅಪ್ಪ ಹೊಸ್ತಿಲಾಚೆಯೇ ನಿಂತಿದ್ದರು.

"ಅಣ್ಣಾ, ನೀನೂ ಬಾ. ಬಿಸಲಾಗ ಯಾಕ ನಿಂತಿ?"

ಅಪ್ಪ ಜೋಡು ಕಳಚಿಟ್ಟು ಒಳಗೆ ಬಂದು, ಬೆಲ್ಲದ ಪೆಂಟೆಗಳ ನಡುವೆ ಜಾಗ ಮಾಡಿಕೊಂಡು, ತಂಗಿಯ ಮನೆಯಲ್ಲಿ ನೆಂಟನಾಗಿ ಕೂತರು.